ಅತ್ತೆಗೆ ಹಾಕಿದ ಮತ

ಪ್ರೀತಿಯ ಅಮ್ಮ,

ನಾನು ಮತ ಹಾಕಿದೆ! ಮಾಲ್ಟಾದವಳಾದರೂ ಯುರೋಪಿನ ಒಕ್ಕೂಟದ ಪ್ರಜೆಯಲ್ಲವೇ, ಮದುವೆಯಾಗಿ ಬಂದ ಈ ಸ್ಲೊವೇನಿಯಾದ ಊರಿನ ಮೇಯರನ್ನು ಆರಿಸುವ ಹಕ್ಕು ನನಗೂ ಇದೆ! ನಿಂತವರು ಇಬ್ಬರೇ: ನನ್ನ ಮಾತ್ಯಾಜ್‌ನ ಸೋದರತ್ತೆ ಝೋರ್ಕಾ ಮತ್ತು ಮಾಂಸದಂಗಡಿಯ ರಾಡೊ. ಸಂಭ್ರಮದಲ್ಲಿ ನಮ್ಮ ಮಾಲ್ಟಾದ ಅಭ್ಯಾಸದಂತೆ ಇಷ್ಟದ ಕ್ರಮದಲ್ಲಿ ಅತ್ತೆಯ ಹೆಸರಿನ ಮುಂದೆ ಒಂದು, ರಾಡೊ ಮುಂದೆ ಎರಡು ಎಂದು ಬರೆದುಬಿಟ್ಟೆ. ಇಲ್ಲಿ ಒಬ್ಬರಿಗೆ ಮಾತ್ರ ಸುತ್ತು ಹಾಕಬೇಕಂತೆ! ನನ್ನ ಮತ ತಿರಸ್ಕೃತವಾಯಿತು, ಇಬ್ಬರಿಗೂ ಸಮಸಮ ಮತ ಬಂತು.

ಇಲ್ಲಿ ಮಾಲ್ಟಾದವಳು ನಾನೊಬ್ಬಳೇ, ಹಾಗೆ ಬರೆದವಳು ಯಾರೆಂದು ಊರಿಗೆಲ್ಲ ಗೊತ್ತಾಯಿತು. ನಾನು ಅಳುತ್ತಿದ್ದರೆ ಅತ್ತೆ, "ಅಲ್ವೇ ಹುಡುಗಿ, ಎರಡನೇ ಸ್ಥಾನ ಕೊಡೋವಷ್ಟು ಏನು ಕಂಡೆ ಆ ರಾಡೊನಲ್ಲಿ?" ಎಂದು ನಕ್ಕರು. ರಾಡೊ ಅಂಗಡಿಯಿಂದಲೇ ಕೂಗಿದ: "ಈ ಸಲ ನಂಗೇ ಒಂದು ಹಾಕಮ್ಮಾ!"

ಡಿಸೆಂಬರಿನ ಮೊದಲ ಭಾನುವಾರ ಮತ್ತೆ ಮತದಾನ. ಅಂದೇ ಅಲ್ಲಿ ತಂಗಿಯ ಮಗುವಿನ ದೀಕ್ಷಾಸ್ನಾನ, ಮಗುವನ್ನು ಎತ್ತಿಕೊಂಡು ನಿಲ್ಲಬೇಕಾದ ಜ್ಞಾನತಾಯಿ ನಾನೇ. ಪಾದ್ರಿಗಳಿಗೆ ಹೇಳಿ ಒಂದು ವಾರ ಮುಂದೂಡಿಸುತ್ತೀಯಾ? ಅತ್ತೆ ಗೆದ್ದರೆ ಮುಚ್ಚಿರುವ ಶಿಶುವಿಹಾರವನ್ನು ತೆರೆಸುತ್ತಾರಂತೆ. ಅದು ನಮಗೂ ಬೇಕಾಗುತ್ತದೆ ಅನ್ನಿಸುತ್ತಿದೆ, ಅಮ್ಮ. ಅಪ್ಪನಿಗೆ ಈಗಲೇ ಹೇಳಬೇಡ.

ನೆಲದ ಮೇಲೆ ಕಾಲು ನಿಲ್ಲದ ನಿನ್ನ ಮಗಳು,
ಡೋರಿಯೆನ್