ಅಟ್ಟದ ಕೋಣೆಯೇ ಬೇಕೆಂದವನು ನಾನೇ

೧೨ ನವೆಂಬರ್, ತಿಪಟೂರು

ಬೆಳಗಿನ ಪೂಜೆ, ಕಾಫಿ, ಪೇಪರ್. ಆಮೇಲೆ ಜ್ಞಾನೇಶನ ಜತೆ ಜಗಳ. ತಮ್ಮನ ಮಗ, ಅಹಮದಾಬಾದಿನಲ್ಲಿ ನಮಗೆ ನದಿಯಾಚೆ ಹೋಟೆಲ್ ಹುಡುಕಿದ್ದಾನೆ. ಲಿಫ್ಟ್ ಇದೆಯಂತೆ. ಲಿಫ್ಟ್ ನೋಡಲು ಅಷ್ಟು ದೂರ ಹೋಗಬೇಕೆ? ಆರುನೂರು ವರ್ಷದ ಊರು. ಅಪ್ಪ ಕೊಬ್ಬರಿ ಮೂಟೆ ಕಳಿಸುತ್ತಿದ್ದ ಪೇಟೆ. ಹಳೇ ಊರಿನ ಓಣಿಯಲ್ಲೇ ಇಳಿಯುವುದು.

"ದೊಡ್ಡಮ್ಮನ ಮಂಡಿ ನೋಡ್ಕಳಿ ದೊಡ್ಡಪ್ಪ," ಎಂದ.

ಗಿರಿಜಾಂಬಿಕಾ ಅಡುಗೆಮನೆಯಿಂದಲೇ: "ಮಂಡಿ ಆಪರೇಷನ್ ಆದ್ಮೇಲೆ ಇದೇ ಮೊದ್ಲು ಹೊರಡ್ತಿರಾದು. ಇದೂ ಕೆಟ್ರೆ ಇನ್ನೆಲ್ಲಿಗೂ ಕರೀಬ್ಯಾಡಿ ಕಣ್ರೀ."

೧೫ ನವೆಂಬರ್

ಮನೆ ಸಿಕ್ಕಿತು. ಫೋನಿನಲ್ಲಿ ಚಿತ್ರ — ಕೆತ್ತನೆಯ ಕಂಬ, ನಡುವೆ ತೆರೆದ ಅಂಗಳ. ಯಾವ ಕೋಣೆ, ಎಂದರು ಒಡತಿ. ಸೂರಿನಡಿಯ ಅಟ್ಟದ್ದೇ ಎಂದೆ. ನಮ್ಮ ಅಟ್ಟದ ಮೇಲೆ ಕಾಯಿ ಹನ್ನೊಂದು ತಿಂಗಳು ಕೆಡದೆ ಕೊಬ್ಬರಿಯಾಗುತ್ತದೆ. ಒಣಗಾಳಿ, ತೇವವಿಲ್ಲ. ಮನೆಯಲ್ಲಿ ಅದಕ್ಕಿಂತ ಒಳ್ಳೆಯ ಜಾಗ ಯಾವುದು?

ನಮ್ಮ ಪೇಟೆಬೀದಿಯಲ್ಲೂ ಇಂಥ ಕಂಬಗಳಿದ್ದವು. ಒಂದೊಂದು ಮನೆಯೂ ನೆನಪಿದೆ. ಕಿತ್ತು ಸೌದೆ ಮಾಡಿ ಶಟರ್ ಇಳಿಸಿದೆವು. ಪತ್ರಿಕೆಗೆ ಎರಡು ಸಲ ಬರೆದೆ. ಅಚ್ಚಾಗಲಿಲ್ಲ.

೨ ಡಿಸೆಂಬರ್, ಅಹಮದಾಬಾದ್, ಸಂಜೆ

ಏನು ಓಣಿ! ಹಕ್ಕಿಗಳಿಗೆಂದೇ ಕಂಬದ ಮೇಲೆ ಕಾಳು ಹಾಕುವ ಗೂಡು. ಅಂಗಳದಡಿ ಮಳೆನೀರಿನ ತೊಟ್ಟಿ. ಬಳಸುತ್ತಲೇ ಉಳಿಸಿಕೊಂಡಿದ್ದಾರೆ ಇವರು.

ಆದರೆ ಮೆಟ್ಟಿಲು... ಏಣಿಯೇ ಅದು. ಮೂವತ್ತೊಂದು. ಹಿಡಿಯಲು ಹಗ್ಗ. ಬಾಗಿಲಿನ ವಯಸ್ಸು ಕೇಳಿದ್ದೆ, ಮೆಟ್ಟಿಲೆಷ್ಟೆಂದು ಕೇಳಿರಲಿಲ್ಲ.

ಗಿರಿಜಾ ನಾಲ್ಕನೆಯದಕ್ಕೇ ನಿಂತಳು. "ನನ್ನೇನು ಕೊಬ್ಬರಿ ಅಂದ್ಕಂಡ್ರಾ, ಅಟ್ಟಕ್ಕಾಕಕ್ಕೆ?" ನಗಲು ಹೋದೆ. ಅವಳ ಕಣ್ಣಲ್ಲಿ ನೀರು.

ಒಡತಿಯೂ ಎದುರುಮನೆಯವರೂ ಮರುಮಾತಿಲ್ಲದೆ ಕೆಳಗಿನ ಪಡಸಾಲೆಗೆ ಮಂಚ ಹೊತ್ತು ತಂದರು. ಸೀರೆಯನ್ನೇ ಪರದೆಯಾಗಿ ಕಟ್ಟಿದರು. ನಾನು ಮೇಲೆ, ಒಬ್ಬನೇ. ಗಾಳಿ ಚೆನ್ನಾಗಿದೆ...

೪ ಡಿಸೆಂಬರ್, ಸಂಜೆ

ನಿನ್ನೆ ಬರೆಯಲಿಲ್ಲ. ನಾಚಿಕೆ.

ಬೆಳಿಗ್ಗೆ ಜ್ಞಾನೇಶನಿಗೆ ನಾನೇ ಫೋನ್ ಮಾಡಿ ಆ ಹೋಟೆಲ್ ಬುಕ್ ಮಾಡೆಂದೆ. "ಲಿಫ್ಟ್ ಇರಾದೇ ಬೇಕಾ ದೊಡ್ಡಪ್ಪ?" ಎಂದ. ಸಹಿಸಿಕೊಂಡೆ. ಕೆಳಗಿಳಿದು ಅವಳಿಗೆ ಹೇಳಿದೆ — ತಪ್ಪು ನನ್ನದು, ಹೊರಡೋಣ.

ಮೂವರು ಹೆಂಗಸರ ನಡುವೆ ಕೂತು ಬಟಾಣಿ ಬಿಡಿಸುತ್ತಿದ್ದಳು. ತಲೆ ಎತ್ತಲಿಲ್ಲ.

"ನೀವೋಗ್ರೀ. ನಾನು ಬರಾಕಿಲ್ಲ. ಸಾಯಂಕಾಲ ಓಣಿ ಎಲ್ಲ ತೋರಿಸ್ತಾರಂತೆ ಇವರು."

ಅವರದು ಗುಜರಾತಿ, ಇವಳದು ಕನ್ನಡ. ಹೇಗೆ ತಿಳಿಯಿತೋ.

"ಮಂಡಿ?"

"ಪ್ರತಿ ಮನೇಗೂ ಜಗಲಿ ಐತಲ್ಲ. ಕೂತ್ಕಂಡು ಕೂತ್ಕಂಡು ಹೋಯ್ತೀನಿ ಬುಡಿ."

ಈ ಊರಿನ ಬಗ್ಗೆ ಅಷ್ಟೆಲ್ಲ ಓದಿ ಬಂದವನು ನಾನು. ಜಗಲಿ ಏತಕ್ಕೆಂದು ಹೊಳೆದದ್ದು ಅವಳಿಗೆ.

ಹೋಟೆಲ್ ಬೇಡವೆಂದು ತಿಳಿಸಿದ್ದಾಯಿತು. ಕೆಳಗೆ ಚಪ್ಪಲಿ ಸದ್ದು, ನಗು. ಹೊರಟರೇನೋ. ನನ್ನನ್ನು ಯಾರೂ ಕರೆದಿಲ್ಲ. ಇಲ್ಲಿಂದಲೇ ಕೂಗಿ ಕೇಳಲೇ... ಬೇಡ, ನಾನೇ ಇಳಿದು —