ಹಿಂದಿನ ಸೀಟು ಕತ್ತರಿಸುವ ಮುನ್ನ

ಹುಬ್ಬಳ್ಳಿ
ಫೆಬ್ರವರಿ ಮೂವತ್ತು, ೨೧೧೯

ಸಂಗಮೇಶ ಮುತ್ತಜ್ಜನವರಿಗೆ,

ತಾರೀಕು ನೋಡಿ ನಗಬೇಡಿ. ನಮ್ಮ ಕಾಲದಲ್ಲಿ ಫೆಬ್ರವರಿಗೂ ಮೂವತ್ತು ದಿನ ಕೊಟ್ಟಿದ್ದಾರೆ. ನನ್ನ ಕನ್ನಡ ಅಲ್ಲಲ್ಲಿ ವಿಚಿತ್ರ ಅನ್ನಿಸಿದರೆ ಕ್ಷಮಿಸಿ. ಕ್ಷಮೆ ಅಷ್ಟಕ್ಕೇ, ಮುಂದೆ ಬರೆಯುವ ಯಾವ ಮಾತಿಗೂ ನಾನು ಕ್ಷಮೆ ಕೇಳುವವಳಲ್ಲ. ನಿಮ್ಮನ್ನು ಮುತ್ತಜ್ಜ ಎನ್ನಲೂ ನಾಲಿಗೆ ಹೊರಳುತ್ತಿಲ್ಲ. ಈ ಪತ್ರ ಮುಟ್ಟುವಾಗ ನೀವಿನ್ನೂ ಇಪ್ಪತ್ತೆಂಟರ ಹುಡುಗ, ನನಗಿಂತ ಚಿಕ್ಕವರು. ಹಿಂಟಪಾಲು, ಅಂದರೆ ಹೋದ ಕಾಲಕ್ಕೆ ಕಾಗದ ಮುಟ್ಟಿಸುವ ಅಂಚೆ, ಒಬ್ಬರಿಗೆ ಜನ್ಮದಲ್ಲಿ ಒಂದೇ ಸಲ ಸಿಗುತ್ತದೆ. ಜನ ಅದನ್ನು ಸತ್ತ ತಾಯಿಗೋ ಬಿಟ್ಟುಹೋದ ಗೆಳೆಯನಿಗೋ ಎಂದು ಉಳಿಸಿಟ್ಟುಕೊಳ್ಳುತ್ತಾರೆ. ನಾನು ನಿಮ್ಮನ್ನು ಬೈಯಲು ಖರ್ಚು ಮಾಡುತ್ತಿದ್ದೇನೆ. ನನಗೆ ಅಷ್ಟು ಸಿಟ್ಟು ಬಂದಿದೆ.

ನೀವು ಈಗ ಏನು ಮಾಡುತ್ತಿದ್ದೀರೆಂದು ನನಗೆ ಗೊತ್ತು. ಗೋಕುಲ ರೋಡಿನ ಮನೆಯ ಶೆಡ್ಡಿನಲ್ಲಿ, ಮಾವ ಶಿವಪುತ್ರಪ್ಪನವರು ಕೊಟ್ಟ ಎರಡು ಸೈಲೆನ್ಸರಿನ ಹಳೇ ಬೈಕನ್ನು ಕೆಫೆ ರೇಸರ್, ಅಂದರೆ ಬಗ್ಗಿ ಕೂತು ಓಡಿಸುವ ರೇಸು ಗಾಡಿ, ಮಾಡುತ್ತೇನೆಂದು ಬಿಚ್ಚಿ ಹರವಿಕೊಂಡು ಕುಳಿತಿದ್ದೀರಿ. ಎಂಜಿನ್ನು ಇಳಿಸಿ ಹೊಸ ಪಿಸ್ಟನ್ ಕೂರಿಸಿದ್ದೀರಿ, ವೈರಿಂಗ್ ಪೂರ್ತಿ ಬದಲಿಸಿದ್ದೀರಿ, ಹ್ಯಾಂಡಲ್ ತಗ್ಗಿಸಿ ಫುಟ್‌ರೆಸ್ಟ್ ಹಿಂದಕ್ಕೆ ಸರಿಸಿದ್ದೀರಿ. ಟ್ಯಾಂಕಿಗೆ ಹೊಡೆಯುವ ಕಡುಹಸಿರು ಬಣ್ಣ ಡಬ್ಬಿಯಲ್ಲಿ ಕಾದಿದೆ. ಇದಕ್ಕೆಲ್ಲ ನನ್ನ ತಕರಾರಿಲ್ಲ. ಕೆಲಸ ಬಲ್ಲವರು ನೀವು. ಇಷ್ಟು ವರ್ಷದ ಮೇಲೂ ಆ ಎಂಜಿನ್ನು ಇವತ್ತು ಬೆಳಿಗ್ಗೆ ಎರಡನೇ ಕಿಕ್ಕಿಗೇ ಎದ್ದಿತು. ತಕರಾರಿರುವುದು ನಿಮ್ಮ ಕೈಯಲ್ಲಿರುವ ಗ್ರೈಂಡರಿನ ಬಗ್ಗೆ. ಹಿಂಬದಿಯ ಚಾಸಿಯನ್ನು ಗೇಣುದ್ದ ಕತ್ತರಿಸಿ, ಬಾಗಿಸಿದ ಪೈಪೊಂದನ್ನು ವೆಲ್ಡ್ ಮಾಡಿ, ಅದರ ಮೇಲೆ ಒಬ್ಬರಿಗಷ್ಟೇ ಸಾಲುವ ಗೂನುಬೆನ್ನಿನ ಸೀಟು ಕೂರಿಸಲು ಹೊರಟಿದ್ದೀರಿ. ಶಿವಪುತ್ರಪ್ಪನವರು ಟ್ಯಾಂಕಿನ ಮೇಲೊಂದು ಕೂಸು, ಹಿಂದೆ ಹೆಂಡತಿ, ನಡುವೆ ಇನ್ನಿಬ್ಬರು ಮಕ್ಕಳು ಎಂದು ಇಡೀ ಸಂಸಾರವನ್ನು ಇದೇ ಗಾಡಿಯಲ್ಲಿ ಹೇರಿಕೊಂಡು ಉಣಕಲ್ ಕೆರೆಗೆ ಹೋಗುತ್ತಿದ್ದರಂತೆ. ಟ್ಯಾಂಕಿನ ಮೇಲಿನ ಆ ಕೂಸೇ ನಿಮ್ಮ ಹೆಂಡತಿ ಸುವರ್ಣಾ. ನಿಮ್ಮ ಯೋಜನೆ ತಿಳಿದು ಆಕೆ ಈಗಾಗಲೇ ಮಾತು ಬಿಟ್ಟಿರಬೇಕು.

"ಕೆಫೆ ರೇಸರಿಗೆ ಹಿಂದಿನ ಸೀಟು ಇರಂಗಿಲ್ಲ, ಲೈನ್ ಕೆಡತೈತಿ" ಎಂದು ನೀವು ಆಕೆಗೆ ಹೇಳಿದ ಮಾತು ನಮ್ಮ ಮನೆಯಲ್ಲಿ ಗಾದೆಯಾಗಿ ಉಳಿದಿದೆ. ಯಾರಾದರೂ ಒಬ್ಬರನ್ನು ಬಿಟ್ಟು ಊಟಕ್ಕೆ ಕುಳಿತರೆ, ಯಾಕೆ, ಲೈನ್ ಕೆಡತೈತೇನು ಎಂದು ಕೇಳುತ್ತೇವೆ. ಎಲ್ಲರೂ ನಗುತ್ತಾರೆ, ಇಂಚರಜ್ಜಿಯೊಬ್ಬಳನ್ನು ಬಿಟ್ಟು.

ಇಂಚರ ನಿಮ್ಮ ಮಗಳು, ನನ್ನ ಅಜ್ಜಿ. ಇನ್ನು ಕೆಲವು ವರ್ಷಕ್ಕೆ ಹುಟ್ಟುತ್ತಾಳೆ. ಪ್ರತಿ ಭಾನುವಾರ ನೀವು ಜಾಕೀಟು ತೊಟ್ಟು ಧಾರವಾಡದ ರಸ್ತೆ ಹಿಡಿಯುವಾಗ ಅವಳು ಗೇಟಿನ ಕಂಬಿ ಹಿಡಿದು ನಿಲ್ಲುತ್ತಾಳೆ. ಟ್ಯಾಂಕಿನ ಮೇಲೂ ಕೂರಿಸುವಂತಿಲ್ಲ, ಅಲ್ಲಿ ನೀವೇ ಬೋರಲು ಬಿದ್ದಿರುತ್ತೀರಿ. ಮುಂದಿನ ವರ್ಷ ಉದ್ದ ಸೀಟು ಮಾಡಿಸೋಣ ಎನ್ನುತ್ತೀರಿ. ಹಾಗೆನ್ನುತ್ತಲೇ ನಿಮ್ಮ ಸೊಂಟ ಹೋಗುತ್ತದೆ, ಆಮೇಲೆ ಪೆಟ್ರೋಲೂ ಹೋಗುತ್ತದೆ.

ನಮ್ಮ ಊರಿನ ಬೀದಿಗಳಿಗೆಲ್ಲ ಈಗ ಬಿಸಿಲು ತಡೆಯಲು ಚಾವಣಿ ಹಾಕಿದ್ದಾರೆ. ಕೆಳಗೆ ಸಾಲುಬಂಡಿಗಳು ಓಡುತ್ತವೆ, ಸದ್ದಿಲ್ಲದ, ಎದುರುಬದುರು ಬೆಂಚಿನ ಬಂಡಿಗಳು. ಒಬ್ಬರೇ ಹತ್ತಿದರೆ ಅದು ಹೊರಡುವುದಿಲ್ಲ, ಇನ್ನೊಬ್ಬರು ಬರುವ ತನಕ ಕಾಯುತ್ತದೆ. ಹಾಗಾಗಿ ಒಬ್ಬರಿಗೆಂದೇ ಮಾಡಿದ ಗಾಡಿ ನಮ್ಮ ಮಕ್ಕಳ ತಲೆಗೆ ಹೋಗುವುದಿಲ್ಲ. ಆ ಅಜ್ಜನಿಗೆ ಅಂಟುರೋಗ ಇತ್ತೇನು ಎಂದು ನನ್ನ ಮಗ ಕೇಳಿದ. ವರ್ಷಕ್ಕೊಮ್ಮೆ ಹೊಗೆದಿನ ಬರುತ್ತದೆ. ಅಂದು ಬೆಳಗಿನಿಂದ ಹೊತ್ತು ಮುಳುಗುವ ತನಕ ಹಳೇ ಎಂಜಿನ್ನುಗಳನ್ನು ಓಡಿಸಬಹುದು. ಚೀಟಿಯಲ್ಲಿ ಹೆಸರು ಬಂದವರಿಗೆ ಒಂದು ಲೀಟರ್ ಪೆಟ್ರೋಲು. ಈ ವರ್ಷ ನಮ್ಮ ಹೆಸರು ಬಂತು, ಇವತ್ತೇ ಆ ದಿನ. ತೊಂಬತ್ತರ ಹತ್ತಿರ ಬಂದಿರುವ ಅಜ್ಜಿ ಇಳಕಲ್ ಸೀರೆ ಉಟ್ಟು, ಅಪ್ಪನ ಗಾಡಿಯಲ್ಲಿ ಒಂದು ಸಲ ಕೂರಿಸು ಎಂದು ನನ್ನನ್ನು ಕೇಳಿದಳು. ಬದುಕಿನಲ್ಲಿ ಅವಳು ನನ್ನ ಹತ್ತಿರ ಕೇಳಿದ್ದು ಅದೊಂದೇ.

ಹಿಂದೆ ಎರಡು ಪೈಪು ಸೇರಿಸಿ ಸೀಟು ಉದ್ದ ಮಾಡೋಣವೆಂದರೆ ನಮ್ಮಲ್ಲಿ ‘ಇದ್ದಂತೆ ಕಾಯ್ದೆ’ ಎಂಬುದೊಂದಿದೆ. ಹಳೆಯ ಯಂತ್ರ ಹೇಗೆ ಸಿಕ್ಕಿತೋ ಹಾಗೇ ಇರಬೇಕು, ಒಂದು ಬೋಲ್ಟೂ ಹೆಚ್ಚಿಸುವಂತಿಲ್ಲ. ಅಧಿಕಾರಿಯ ಮುಂದೆ ಬೇಡಿಕೊಂಡೆ, ಆಮೇಲೆ ಜಗಳವಾಡಿದೆ. ನಿಮ್ಮ ಮುತ್ತಜ್ಜ ಕತ್ತರಿಸಿದ ರೂಪವೇ ಈ ಗಾಡಿಯ ಮೂಲರೂಪ ಎಂದು ಆತ ಹೇಳಿ ಎದ್ದುಹೋದ. ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದಿರಿ, ನಾವೀಗ ಅವರಪ್ಪನಿಗೇ ಪೂಜೆ ಮಾಡಬೇಕಾಗಿದೆ! ಕೊನೆಗೆ ಆ ಗೂನಿನ ಮೇಲೆ ದಿಂಬು ಕಟ್ಟಿ ಅಜ್ಜಿಯನ್ನು ಎತ್ತಿ ಕೂರಿಸಿದೆ. ಗಾಡಿ ಕದಲುವ ಮೊದಲೇ ಜಾರಿದಳು. ನಾನು ಹಿಡಿದುಕೊಳ್ಳದಿದ್ದರೆ ಸೊಂಟ ಮುರಿಯುತ್ತಿತ್ತು.

ಅವಳು ಸೀರೆ ಸರಿಮಾಡಿಕೊಂಡು ತಾನೇ ಗೇಟಿನ ಹತ್ತಿರ ಹೋಗಿ ಕಂಬಿ ಹಿಡಿದು ನಿಂತಳು. "ನೀ ಹೋಗಿ ಬಾ. ನನಗ ಇಲ್ಲಿ ನಿಂತು ನೋಡೂದು ರೂಢಿ ಐತಿ" ಎಂದಳು.

ಅಳಲಿಲ್ಲ. ಅತ್ತಿದ್ದರೆ ನನಗೆ ಇಷ್ಟು ಸಿಟ್ಟು ಬರುತ್ತಿರಲಿಲ್ಲ. ಹೋಗದಿದ್ದರೆ ಅವಳಿಗೆ ಇನ್ನೂ ನೋವಾಗುತ್ತದೆಂದು ನಾನೊಬ್ಬಳೇ ಉಣಕಲ್ ಕೆರೆಯ ತನಕ ಹೋಗಿ ಬಂದೆ. ಹಾಳಾದ ಗಾಡಿ, ಎಷ್ಟು ಚೆನ್ನಾಗಿ ಓಡಿತು! ಆ ಸುಖ ಇಷ್ಟು ವರ್ಷ ನಿಮ್ಮೊಬ್ಬರದೇ ಆಗಿತ್ತಲ್ಲ ಎಂದು ದಾರಿಯುದ್ದಕ್ಕೂ ಹಲ್ಲು ಕಡಿದೆ.

ಮುತ್ತಜ್ಜ, ಗ್ರೈಂಡರಿನ ಪ್ಲಗ್ ಕೀಳಿ. ಹ್ಯಾಂಡಲ್ ನಿಮ್ಮಿಷ್ಟ, ಬಣ್ಣ ನಿಮ್ಮಿಷ್ಟ, ಸದ್ದು ಎಷ್ಟಾದರೂ ಮಾಡಿಕೊಳ್ಳಿ. ಆ ಗೇಣುದ್ದ ಕಬ್ಬಿಣ ಬಿಡಿ. ಲೈನ್ ಕೆಟ್ಟರೆ ಕೆಡಲಿ. ನೀವು ಕೇಳಿದರೆ ನನಗೆ ಈ ಪತ್ರ ಬರೆಯುವ ಕಾರಣವೇ ಇರುವುದಿಲ್ಲ, ನಿಮ್ಮನ್ನು ಬೈದ ಸಮಾಧಾನವೂ ಉಳಿಯುವುದಿಲ್ಲ. ಅದನ್ನು ನಾನು ಬಿಟ್ಟುಕೊಡುತ್ತೇನೆ.

ಹೊತ್ತು ಮುಳುಗಲು ಇನ್ನೂ ಸ್ವಲ್ಪ ಸಮಯವಿದೆ. ಟ್ಯಾಂಕಿನಲ್ಲಿ ಅರ್ಧ ಲೀಟರಿಗಿಂತ ಹೆಚ್ಚು ಪೆಟ್ರೋಲು ಉಳಿದಿದೆ. ಇದನ್ನು ಹಿಂಟಪಾಲಿಗೆ ಹಾಕಿ ನೇರ ಶೆಡ್ಡಿಗೆ ಹೋಗಿ ಸೀಟು ಉದ್ದವಾಗಿದೆಯೇ ನೋಡುತ್ತೇನೆ. ಅಜ್ಜಿ ಇನ್ನೂ ಸೀರೆ ಬದಲಿಸಿಲ್ಲ.

ನಿಮ್ಮ ಮರಿಮಗಳು,
ನಿಂಗವ್ವ