ನಿಮ್ಮ ನಾಡಿ ನೋಡಿ ಕುದಿಸಿದ ಕಷಾಯ

ಅತ್ತೆಯವರಿಗೆ, ಸೊಸೆ ಹ್ವಾಜಿನ್ ಮಾಡುವ ನಮಸ್ಕಾರ.

ನನ್ನ ಎದೆಬಡಿತ ತಗ್ಗಿ ನಿದ್ದೆ ಬರಲೆಂದು ನೀವು ಜೆಚೋನ್‌ನ ಔಷಧಿ ಪಂಡಿತರಿಂದ ತಂದುಕೊಟ್ಟ, ಬೋರೆಬೀಜದ ಕಷಾಯ ತುಂಬಿದ ಪ್ಲಾಸ್ಟಿಕ್ ಪೊಟ್ಟಣಗಳನ್ನು ಇದರ ಜೊತೆ ವಾಪಸು ಕಳಿಸಿದ್ದೇನೆ. ಪಥ್ಯವೆಂದು ಮೂಲಂಗಿ ಬಿಟ್ಟೆ, ಹಂದಿಮಾಂಸ ಬಿಟ್ಟೆ, ತಪ್ಪದೆ ಕುಡಿದೆ. ನಿಮ್ಮ ಮಗ ಬಾಟಲಿಗಟ್ಟಲೆ ಸೋಜು ಕುಡಿದು ಬಂದು ಬಾಗಿಲು ಒದೆಯುವಾಗ ಯಾವ ಬೀಜ ತಾನೇ ನಿದ್ದೆ ಬರಿಸೀತು? ಕೇಳಿದರೆ, "ನೀನು ಮಲಗಿಬಿಟ್ರೆ ಅವನು ಯಾರ ಮೇಲೆ ಕೂಗಾಡ್ತಾನೆ? ಗಂಡಸ್ರೇ ಹಾಗೆ ಕಣೇ" ಅಂದಿರಿ.

ನಿನ್ನೆ ನಾನೇ ಪಂಡಿತರ ಬಳಿ ಹೋದೆ. ನನ್ನ ಕೈ ಹಿಡಿದು ನಾಡಿ ನೋಡಿ ಅವರು ಗಾಬರಿಯಾದರು.

"ಆ ಕಷಾಯ ನಿಮ್ಮದಲ್ಲಮ್ಮ. ಆವತ್ತು ನಿಮ್ಮತ್ತೆ ತಮ್ಮ ಕೈಯನ್ನೇ ಚಾಚಿದ್ರು. 'ಸೊಸೆ ಬರೋಕಾಗಲ್ಲ, ಒಂದೇ ಮನೆ ಹೆಂಗಸ್ರು, ನಾಡಿನೂ ಒಂದೇ' ಅಂದ್ರು. ವರ್ಷಾನುಗಟ್ಟಲೆ ಹೆದರ್ಕೊಂಡು ಬದುಕಿದೋರ ನಾಡಿ ಅದು."

ಮಾವನವರು ತೀರಿಕೊಂಡು ಎಷ್ಟು ಕಾಲವಾಯಿತು! ನೀವಿನ್ನೂ ಯಾರ ಹೆಜ್ಜೆಸದ್ದಿಗೆ ಕಿವಿಗೊಟ್ಟು ಮಲಗುತ್ತೀರಿ? ಎಲ್ಲ ಗೊತ್ತಿದ್ದೂ ನನ್ನ ಬಾಯಿಗೆ ಕಷಾಯ ಹುಯ್ದಿರಲ್ಲ, ಅದಕ್ಕೇ ನನಗೆ ಮೈ ಉರಿಯುವುದು.

ಮಗಳನ್ನು ಕರೆದುಕೊಂಡು ನಾನು ಅಕ್ಕನ ಮನೆಗೆ ಬಂದಿದ್ದೇನೆ. ನಿಮ್ಮ ಮಗನಿಗೆ ವಿಳಾಸ ಕೊಡಬೇಡಿ. ಪೊಟ್ಟಣವನ್ನು ಬಿಸಿನೀರಿನಲ್ಲಿಟ್ಟು, ಬೆಚ್ಚಗಾದ ಮೇಲೆ ನೀವೇ ಕುಡಿಯಿರಿ. ಮೂಲಂಗಿ ಮುಟ್ಟಬೇಡಿ. ಅದಕ್ಕೂ ನಿದ್ದೆ ಬಾರದಿದ್ದರೆ ಹೊರಟು ಬನ್ನಿ. ಇಲ್ಲಿ ಬಾಗಿಲನ್ನು ಯಾರೂ ಒದೆಯುವುದಿಲ್ಲ.

ಸಿಟ್ಟು ಇನ್ನೂ ಇಳಿಯದ,
ಹ್ವಾಜಿನ್